ಏನು ಬದಲಾಯಿತೆಂಬುದು ಯಂತ್ರಕ್ಕೆ ಗೊತ್ತು, ಏಕೆ ಎಂಬುದು?

ಮದುವೆಯ ಆಮಂತ್ರಣ ಪತ್ರಿಕೆ ಮಾಡಿಸಲು ಡಿಟಿಪಿ ಅಂಗಡಿಗೆ ಹೋದವರಿಗೆ ಈ ನೋಟ ಅಪರಿಚಿತವಲ್ಲ. ಪರದೆಯ ಮೇಲೆ ಒಂದೇ ಪತ್ರಿಕೆಯ ಹತ್ತಾರು ಫೈಲುಗಳು ಸಾಲುಗಟ್ಟಿ ನಿಂತಿರುತ್ತವೆ: ‘ಫೈನಲ್’, ‘ಫೈನಲ್ ಹೊಸದು’, ‘ಫೈನಲ್ ತಿದ್ದಿದ್ದು’, ‘ಇದೇ ಫೈನಲ್’. ಅಜ್ಜಿಯ ಹೆಸರು ಸೇರಿಸಿದ ಪ್ರತಿ ಒಂದು, ಮುಹೂರ್ತದ ವೇಳೆ ಸರಿಪಡಿಸಿದ ಪ್ರತಿ ಇನ್ನೊಂದು; ಅಚ್ಚಿಗೆ ಹೋದದ್ದು ಎರಡೂ ಅಲ್ಲದ ಮೂರನೆಯದು. ಇಂಥ ಎಡವಟ್ಟನ್ನು ನೆಂಟರಿಷ್ಟರು ನಕ್ಕು ಮರೆಯುತ್ತಾರೆ. ಆದರೆ ಇದೇ ಗೊಂದಲ ಒಂದು ವಿಮಾನದ ಅಥವಾ ಕಾರಿನ ವಿನ್ಯಾಸದೊಳಗೆ ನುಸುಳಿದರೆ ನಗುವಂತಿಲ್ಲ. ಯಾವುದು ಅಂತಿಮ, ಅದು ಅಂತಿಮವಾದದ್ದು ಹೇಗೆ, ಅದಕ್ಕೆ ಮುಂಚಿನದನ್ನು ಕೈಬಿಟ್ಟದ್ದೇಕೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗದೆ ಹೋದಾಗ ಹಣ ಮಾತ್ರವಲ್ಲ, ಜೀವಗಳೂ ಹೋಗಿವೆ.

ಯುರೋಪಿನ ಏರ್‌ಬಸ್ ಸಂಸ್ಥೆಯ ಎ-380 ವಿಮಾನದ ಉದಾಹರಣೆಯನ್ನೇ ನೋಡಿ. ಎರಡು ಅಂತಸ್ತಿನ ಈ ದೈತ್ಯ ವಿಮಾನ 2005ರ ಏಪ್ರಿಲ್‌ನಲ್ಲಿ ಮೊದಲ ಬಾರಿಗೆ ಹಾರಿತು. ಆದರೆ ಮರುವರ್ಷ, ಗ್ರಾಹಕರಿಗೆ ಒಪ್ಪಿಸಬೇಕಿದ್ದ ವಿಮಾನಗಳ ಜೋಡಣೆಯಲ್ಲಿ ದೊಡ್ಡ ತೊಡಕೊಂದು ಎದುರಾಯಿತು. ಜರ್ಮನಿಯ ಹ್ಯಾಂಬರ್ಗ್‌ನಿಂದ ಫ್ರಾನ್ಸಿನ ತುಲೂಸ್‌ಗೆ ಬಂದ ಒಡಲಿನ ಭಾಗಗಳಲ್ಲಿದ್ದ ವಿದ್ಯುತ್ ತಂತಿಗಳು ಸೇರಬೇಕಾದ ಜಾಗಕ್ಕೆ ಎಟುಕಲಿಲ್ಲ. ಒಂದು ವಿಮಾನದಲ್ಲಿ 500 ಕಿಲೋಮೀಟರಿಗೂ ಹೆಚ್ಚು ಉದ್ದದ ತಂತಿಯಿದ್ದುದರಿಂದ ದುರಸ್ತಿ ಸುಲಭವಾಗಿರಲಿಲ್ಲ. ಎರಡು ದೇಶಗಳ ವಿನ್ಯಾಸಕಾರರು ಒಂದೇ ತಂತ್ರಾಂಶದ ಬೇರೆ ಬೇರೆ ತಲೆಮಾರುಗಳನ್ನು ಬಳಸುತ್ತಿದ್ದರು. ಒಂದು ಕಡೆ ಆದ ತಿದ್ದುಪಡಿ ಇನ್ನೊಂದು ಕಡೆಗೆ ಸರಿಯಾಗಿ ಇಳಿಯುತ್ತಿರಲಿಲ್ಲ. ವಿಮಾನಗಳ ಪೂರೈಕೆ ಸುಮಾರು ಎರಡು ವರ್ಷ ತಡವಾಯಿತು. ನುರಿತ ಎಂಜಿನಿಯರುಗಳ ಕೊರತೆ ಅಲ್ಲಿರಲಿಲ್ಲ. ಎಲ್ಲರ ಮುಂದೆಯೂ ಒಂದೇ ನಕ್ಷೆ ಇರಲಿಲ್ಲ, ಅಷ್ಟೆ.

ಕ್ಲೌಡ್ ಆಧಾರಿತ ವಿನ್ಯಾಸ ತಂತ್ರಾಂಶಗಳು ಕೊಡುವ ಮೊದಲ ಭರವಸೆ ಈ ಒಂದೇ ನಕ್ಷೆಯದು. ಇಲ್ಲಿ ಫೈಲನ್ನು ನಕಲು ಮಾಡಿ ಮಿಂಚಂಚೆಯಲ್ಲಿ ಕಳುಹಿಸುವ ಪ್ರಶ್ನೆಯಿಲ್ಲ. ವಿನ್ಯಾಸವು ಕಂಪನಿಯ ದೂರದ ಸರ್ವರಿನಲ್ಲಿರುತ್ತದೆ. ಬೆಂಗಳೂರಿನಲ್ಲಿ ಕುಳಿತವರೂ ಬರ್ಲಿನ್ನಿನಲ್ಲಿ ಕುಳಿತವರೂ ಅದೇ ಒಂದರ ಮೇಲೆ ಕೆಲಸ ಮಾಡುತ್ತಾರೆ. 1995ರಲ್ಲಿ ಮಾರುಕಟ್ಟೆಗೆ ಬಂದ ಸಾಲಿಡ್‌ವರ್ಕ್ಸ್ ತಂತ್ರಾಂಶವನ್ನು ಕಟ್ಟಿದ ತಂಡದವರಲ್ಲಿ ಕೆಲವರು 2012ರಲ್ಲಿ ಹೊಸ ಕಂಪನಿ ಸ್ಥಾಪಿಸಿ, 2015ರಲ್ಲಿ ‘ಆನ್‌ಶೇಪ್’ ಅನ್ನು ಸಾರ್ವಜನಿಕರಿಗೆ ತೆರೆದರು. ಯಂತ್ರಭಾಗಗಳ ಮೂರು ಆಯಾಮದ ವಿನ್ಯಾಸವನ್ನು ಪೂರ್ತಿಯಾಗಿ ಬ್ರೌಸರಿನಲ್ಲೇ ಮಾಡಬಹುದಾದ ಈ ವ್ಯವಸ್ಥೆಯನ್ನು 2019ರಲ್ಲಿ ಪಿಟಿಸಿ ಕಂಪನಿ ಕೊಂಡುಕೊಂಡಿತು. ಆಟೋಡೆಸ್ಕ್‌ನ ಫ್ಯೂಷನ್ ಇದೇ ಕ್ಷೇತ್ರದ ಮತ್ತೊಂದು ಹೆಸರು. ಮೊಬೈಲ್ ಆ್ಯಪ್‌ಗಳ, ಜಾಲತಾಣಗಳ ಪರದೆಗಳನ್ನು ರೂಪಿಸುವವರಿಗೆ ಫಿಗ್ಮಾ ಇಂದು ನಿತ್ಯದ ಸಲಕರಣೆ.

ಈ ತಂತ್ರಾಂಶಗಳಲ್ಲಿ ‘ಸೇವ್’ ಗುಂಡಿಯ ಗೊಡವೆ ಹೆಚ್ಚುಕಡಿಮೆ ಇಲ್ಲವಾಗುತ್ತಿದೆ. ಆನ್‌ಶೇಪ್‌ನಲ್ಲಂತೂ ಆ ಗುಂಡಿಯೇ ಇಲ್ಲ. ಒಂದು ಗೆರೆ ಎಳೆದರೂ ಒಂದು ಅಳತೆ ತಿದ್ದಿದರೂ ಯಾರು, ಯಾವಾಗ ಮಾಡಿದರೆಂಬುದು ತಾನಾಗಿಯೇ ದಾಖಲಾಗುತ್ತದೆ. ಇದು ‘ಇತಿಹಾಸ’. ಇದರ ಯಾವುದೋ ಒಂದು ಘಟ್ಟದಲ್ಲಿ ನಿಂತು, ಅದಕ್ಕೊಂದು ಹೆಸರಿಟ್ಟು, ಎರಡು ಮಾತು ಬರೆದು ಮುದ್ರೆಯೊತ್ತಿದರೆ ಅದು ‘ಆವೃತ್ತಿ’. ಆನ್‌ಶೇಪ್‌ನಲ್ಲಿ ಆವೃತ್ತಿಯನ್ನು ಮತ್ತೆ ತಿದ್ದಲು ಬರುವುದಿಲ್ಲ, ಅದು ಶಿಲಾಶಾಸನದಂತೆ. ಆ ಆವೃತ್ತಿಯಿಂದ ಪಕ್ಕಕ್ಕೊಂದು ದಾರಿ ಒಡೆದು, ಮೂಲವನ್ನು ಮುಟ್ಟದೆಯೇ ಪ್ರಯೋಗ ನಡೆಸಿದರೆ ಅದು ‘ಕವಲು’. ಪ್ರಯೋಗ ಫಲಿಸಿದರೆ ಕವಲನ್ನು ಕಾಂಡಕ್ಕೆ ಸೇರಿಸಬಹುದು, ಅದು ‘ವಿಲೀನ’. ಹಳೆಯ ಸ್ಥಿತಿಗೆ ಮರಳಿದರೂ ನಡುವಿನದು ಅಳಿಸಿಹೋಗುವುದಿಲ್ಲ. ಮರಳಿದ್ದೂ ಇತಿಹಾಸದಲ್ಲಿ ಒಂದು ಹೊಸ ಸಾಲಾಗಿ ಸೇರುತ್ತದೆ.

ಈ ಕಲ್ಪನೆಗಳೆಲ್ಲ ಪ್ರೋಗ್ರಾಂ ಬರೆಯುವವರಿಂದ ಬಂದ ಬಳುವಳಿ. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ 1970ರ ದಶಕದ ಆರಂಭದಲ್ಲಿಯೇ ಪ್ರೋಗ್ರಾಮುಗಳ ಆವೃತ್ತಿಗಳನ್ನು ನಿರ್ವಹಿಸುವ ವ್ಯವಸ್ಥೆ ರೂಪುಗೊಂಡಿತ್ತು. 2005ರಲ್ಲಿ ಲೈನಸ್ ಟೋರ್ವಾಲ್ಡ್ಸ್ ರಚಿಸಿದ ‘ಗಿಟ್’ ಕವಲು ಮತ್ತು ವಿಲೀನಗಳನ್ನು ಲಕ್ಷಾಂತರ ಪ್ರೋಗ್ರಾಮರುಗಳ ದಿನಚರಿಯಾಗಿಸಿತು. ವಿನ್ಯಾಸಕಾರರಿಗೆ ಇದು ತಡವಾಗಿ ದಕ್ಕಿದ್ದಕ್ಕೆ ಕಾರಣವಿದೆ. ಪ್ರೋಗ್ರಾಂ ಎಂಬುದು ಸಾಲುಸಾಲಾದ ಬರಹ. ಎರಡು ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ಯಾವ ಸಾಲು ಬದಲಾಗಿದೆ ಎಂದು ಹೋಲಿಸಬಹುದು. ಯಂತ್ರಭಾಗದ ವಿನ್ಯಾಸ ಹಾಗಲ್ಲ. ಅಲ್ಲಿ ಒಂದರ ಮೇಲೊಂದು ಅವಲಂಬಿಸಿದ ನೂರಾರು ಕ್ರಿಯೆಗಳಿರುತ್ತವೆ. ಬುಡದ ಒಂದು ಅಳತೆಯನ್ನು ಬದಲಿಸಿದರೆ ಮೇಲಿನ ಹತ್ತು ಮುಖಗಳು ತಾವಾಗಿಯೇ ಸರಿಯುತ್ತವೆ. ಅಡಿಪಾಯ ಸರಿಸಿದರೆ ಗೋಡೆ, ಬಾಗಿಲು, ಸೂರು ಎಲ್ಲವೂ ಸರಿಯುವ ಮನೆಯಂತೆ ಅದು.

ತಂತ್ರಜ್ಞಾನದ ಈ ಸಾಧನೆ ದೊಡ್ಡದು, ನಿಜ. ಆದರೆ ಇಲ್ಲಿಯೇ ಒಂದು ಭ್ರಮೆಯೂ ಹುಟ್ಟಿಕೊಳ್ಳುತ್ತದೆ. ‘ಎಲ್ಲವೂ ತಾನಾಗಿಯೇ ದಾಖಲಾಗುತ್ತಿದೆ, ಇನ್ನು ನಾವು ನೆನಪಿಡಬೇಕಾದದ್ದೇನೂ ಇಲ್ಲ’ ಎಂಬ ಭ್ರಮೆ. ಆರು ತಿಂಗಳ ಕೆಲಸದ ನಂತರ ಇತಿಹಾಸದ ಪಟ್ಟಿಯನ್ನು ತೆರೆದು ನೋಡಿದರೆ ಸಾವಿರಾರು ಸಾಲುಗಳು ಕಾಣುತ್ತವೆ. ಇಂತಿಂಥವರು, ಇಂತಿಷ್ಟು ಹೊತ್ತಿಗೆ, ಇಂಥ ಅಳತೆಯನ್ನು 12ರಿಂದ 14ಕ್ಕೆ ಏರಿಸಿದರು ಎಂದು ಅದು ಹೇಳುತ್ತದೆ. ಏಕೆ ಏರಿಸಿದರು? ಗ್ರಾಹಕರು ಕೇಳಿದರೆ, ಪರೀಕ್ಷೆಯಲ್ಲಿ ಭಾಗ ಮುರಿಯಿತೆ, ಅಥವಾ ಬೆರಳು ಜಾರಿತೆ? ಪಟ್ಟಿ ಮೌನವಾಗಿರುತ್ತದೆ.

ಜಮೀನಿನ ಕಾಗದಪತ್ರಗಳೊಡನೆ ಹೆಣಗಿದ ಯಾರಿಗಾದರೂ ಈ ಕೊರತೆಯ ಅರ್ಥ ಬೇಗನೆ ತಿಳಿದೀತು. ಪಹಣಿಯಲ್ಲಿ ಹೆಸರು ಬದಲಾಗಿದೆ ಎಂದಷ್ಟೇ ತಿಳಿದರೆ ಸಾಲದು. ಅದು ಕ್ರಯದಿಂದ ಬಂದದ್ದೋ, ವಿಭಾಗದಿಂದ ಬಂದದ್ದೋ, ಪೌತಿಯಿಂದ ಬಂದದ್ದೋ ಎಂಬುದು ಮ್ಯುಟೇಶನ್ ದಾಖಲೆಯಲ್ಲಿರಬೇಕು. ಆಧಾರವಿಲ್ಲದ ಬದಲಾವಣೆ ವ್ಯಾಜ್ಯಕ್ಕೆ ಮೂಲ. ಎಂಜಿನಿಯರಿಂಗ್ ಕ್ಷೇತ್ರಕ್ಕೂ ಈ ಶಿಸ್ತು ಹೊಸದೇನಲ್ಲ. ಕಾಗದದ ಮೇಲೆ ನಕ್ಷೆ ಬರೆಯುತ್ತಿದ್ದ ಕಾಲದಲ್ಲಿ ಹಾಳೆಯ ಮೂಲೆಯಲ್ಲೊಂದು ಚಿಕ್ಕ ಕೋಷ್ಟಕವಿರುತ್ತಿತ್ತು: ಪರಿಷ್ಕರಣೆಯ ಗುರುತು, ದಿನಾಂಕ, ಏನು ಬದಲಾಯಿತು, ಸಹಿ. ಮಸಿಯಲ್ಲಿ ಬರೆದ ನಕ್ಷೆಯನ್ನು ತಿದ್ದುವುದು ಶ್ರಮದ ಕೆಲಸವಾಗಿದ್ದುದರಿಂದ ತಿದ್ದುವ ಮುನ್ನ ಯೋಚಿಸುತ್ತಿದ್ದರು. ತಿದ್ದಿದ ಮೇಲೆ ಹೊಣೆ ಹೊರುತ್ತಿದ್ದರು. ಕ್ಲೌಡ್ ಆ ಶ್ರಮವನ್ನು ಇಲ್ಲವಾಗಿಸಿತು. ಶ್ರಮದೊಡನೆ ಬರುತ್ತಿದ್ದ ವಿವೇಚನೆಯನ್ನು ನಾವು ಬೇರೆ ದಾರಿಯಿಂದ ಉಳಿಸಿಕೊಳ್ಳದಿದ್ದರೆ ಅದೂ ಇಲ್ಲವಾಗುತ್ತದೆ.

ವಿವೇಚನೆ ತಪ್ಪಿದಾಗ ಏನಾಗಬಹುದು ಎಂಬುದಕ್ಕೆ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಇಗ್ನಿಷನ್ ಸ್ವಿಚ್ ಪ್ರಕರಣಕ್ಕಿಂತ ಘೋರವಾದ ಸಾಕ್ಷ್ಯ ಬೇಕಿಲ್ಲ. ಷೆವರ್ಲೆ ಕೋಬಾಲ್ಟ್ ಮೊದಲಾದ ಸಣ್ಣ ಕಾರುಗಳಲ್ಲಿ ಬೀಗದ ಕೈ ತಿರುಗಿಸುವ ಸ್ವಿಚ್ ಬೇಕಾದಷ್ಟು ಬಿಗಿಯಾಗಿರಲಿಲ್ಲ. ಭಾರವಾದ ಕೀ ಗೊಂಚಲು ತೂಗಾಡಿದರೆ ಅಥವಾ ರಸ್ತೆಯ ಕುಲುಕಾಟಕ್ಕೆ ಸಿಕ್ಕಿದರೆ ಕೀ ತಾನೇ ಹಿಂದಕ್ಕೆ ಜಾರುತ್ತಿತ್ತು. ಓಡುತ್ತಿರುವ ಕಾರಿನ ಎಂಜಿನ್ ನಿಂತು, ಸ್ಟೀರಿಂಗ್ ಬಿಗಿಯಾಗಿ, ಅಪಘಾತವಾದಾಗ ಏರ್‌ಬ್ಯಾಗ್ ಬಿಚ್ಚಿಕೊಳ್ಳುತ್ತಲೇ ಇರಲಿಲ್ಲ. 2006ರಲ್ಲಿ ಕಂಪನಿಯೊಳಗೇ ಸ್ವಿಚ್‌ನ ವಿನ್ಯಾಸವನ್ನು ಬದಲಿಸಿ ಬಿಗಿಗೊಳಿಸಲು ಒಪ್ಪಿಗೆ ದೊರೆಯಿತು. ಒಳ್ಳೆಯ ತಿದ್ದುಪಡಿಯೇ. ಆದರೆ ಬದಲಾದ ಭಾಗಕ್ಕೆ ಹೊಸ ಸಂಖ್ಯೆ ಕೊಡಲಿಲ್ಲ. ಹಳೆಯ ಸ್ವಿಚ್, ಹೊಸ ಸ್ವಿಚ್ ಎರಡಕ್ಕೂ ದಾಖಲೆಯಲ್ಲಿ ಒಂದೇ ಗುರುತು.

ಪರಿಣಾಮವಾಗಿ, ಅಪಘಾತಗಳ ಕಾರಣ ಹುಡುಕುತ್ತಿದ್ದ ಕಂಪನಿಯ ಎಂಜಿನಿಯರುಗಳೇ ವರ್ಷಗಟ್ಟಲೆ ಕಕ್ಕಾಬಿಕ್ಕಿಯಾದರು. ಹಳೆಯ ಮಾದರಿಯ ಕಾರುಗಳಲ್ಲಿ ಕಾಣುವ ದೋಷ ಹೊಸ ಮಾದರಿಗಳಲ್ಲಿ ಏಕೆ ಕಾಣುತ್ತಿಲ್ಲ? ಕಾಗದದ ಪ್ರಕಾರ ಸ್ವಿಚ್ ಬದಲಾಗಿಯೇ ಇರಲಿಲ್ಲವಲ್ಲ! 2013ರಲ್ಲಿ, ಮೃತಳೊಬ್ಬಳ ಕುಟುಂಬದ ವಕೀಲರು ನೇಮಿಸಿದ ತಜ್ಞರು ಅಪಘಾತದ ಕಾರಿನ ಸ್ವಿಚ್ಚನ್ನೂ ಅಂಗಡಿಯಿಂದ ತಂದ ಹೊಸ ಸ್ವಿಚ್ಚನ್ನೂ ಬಿಚ್ಚಿ ಹೋಲಿಸಿದಾಗ ಒಂದೇ ಸಂಖ್ಯೆಯ ಎರಡು ಭಾಗಗಳು ಒಂದೇ ಅಲ್ಲವೆಂಬುದು ಬಯಲಾಯಿತು. 2014ರಲ್ಲಿ ಕಂಪನಿ ಸುಮಾರು 26 ಲಕ್ಷ ಕಾರುಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಸಿಕೊಂಡಿತು. ಕಂಪನಿ ಸ್ಥಾಪಿಸಿದ ಪರಿಹಾರ ನಿಧಿ 124 ಸಾವುಗಳ ಸಂಬಂಧದ ಬೇಡಿಕೆಗಳನ್ನು ಒಪ್ಪಿಕೊಂಡಿತು. ಮರುವರ್ಷ ಕಂಪನಿ ಅಮೆರಿಕ ಸರ್ಕಾರಕ್ಕೆ 90 ಕೋಟಿ ಡಾಲರ್ ತೆರಬೇಕಾಯಿತು.

ಮೂಲ ದೋಷ ಸ್ವಿಚ್ಚಿನದು. ಅದನ್ನು ಹೊಸ ಸಂಖ್ಯೆಯೊಂದು ತಡೆಯುತ್ತಿರಲಿಲ್ಲ. ಆದರೆ ಆ ದೋಷವನ್ನು ವರ್ಷಗಳ ಕಾಲ ಮುಚ್ಚಿಟ್ಟದ್ದು ಹೆಸರಿಲ್ಲದ ತಿದ್ದುಪಡಿ. ಇಂದಿನ ಕ್ಲೌಡ್ ತಂತ್ರಾಂಶ ಅಂದು ಇದ್ದಿದ್ದರೆ ಬದಲಾವಣೆಯ ಕ್ಷಣ ಖಂಡಿತ ದಾಖಲಾಗುತ್ತಿತ್ತು. ಆದರೆ ‘ಇದು ಇನ್ನು ಬೇರೆಯದೇ ಭಾಗ, ಇದಕ್ಕೆ ಬೇರೆ ಸಂಖ್ಯೆ ಬೇಕು, ಬದಲಿಸಿದ್ದಕ್ಕೆ ಕಾರಣ ಇದು’ ಎಂದು ತೀರ್ಮಾನಿಸಬೇಕಾದವರು ಮನುಷ್ಯರೇ. ಆ ತೀರ್ಮಾನವನ್ನು ಯಾವ ಸರ್ವರೂ ನಮ್ಮ ಪರವಾಗಿ ಮಾಡಲಾರದು.

ಇನ್ನು ಪ್ರಯೋಗಗಳ ವಿಚಾರ. ಕವಲು ವ್ಯವಸ್ಥೆಯ ದೊಡ್ಡ ಕೊಡುಗೆ ಧೈರ್ಯ. ಕೆಟ್ಟುಹೋದೀತು ಎಂಬ ಅಂಜಿಕೆಯಿದ್ದಲ್ಲಿ ಕಿರಿಯ ವಿನ್ಯಾಸಕಾರರು ಹೊಸದನ್ನು ಮುಟ್ಟಲು ಹಿಂಜರಿಯುತ್ತಾರೆ. ಕವಲಿನಲ್ಲಿ ಏನು ಮಾಡಿದರೂ ಕಾಂಡಕ್ಕೆ ಧಕ್ಕೆಯಿಲ್ಲ. ಒಂದೇ ಯಂತ್ರಭಾಗವನ್ನು ಒಬ್ಬರು ಅಲ್ಯೂಮಿನಿಯಂನಲ್ಲಿ, ಇನ್ನೊಬ್ಬರು ಪ್ಲಾಸ್ಟಿಕ್‌ನಲ್ಲಿ ಏಕಕಾಲಕ್ಕೆ ರೂಪಿಸಿ ನೋಡಬಹುದು. ಹಿಡಿಸಿದ್ದನ್ನು ಸೇರಿಸಿ ಉಳಿದದ್ದನ್ನು ಬಿಡಬಹುದು. ತಪ್ಪು ಮಾಡುವ ಸ್ವಾತಂತ್ರ್ಯ ಸೃಜನಶೀಲತೆಗೆ ಅಗತ್ಯವೆನ್ನುವುದಾದರೆ, ಆ ಸ್ವಾತಂತ್ರ್ಯವನ್ನು ಇಷ್ಟು ಅಗ್ಗವಾಗಿ ಒದಗಿಸಿದ ಸಾಧನ ಹಿಂದೆ ಇರಲಿಲ್ಲ.

ಆದರೆ ಅಪಾಯವಿರುವುದು ಕವಲೊಡೆಯುವಾಗ ಅಲ್ಲ, ಕೂಡಿಸುವಾಗ. ಮೂರು ಮಿಲಿಮೀಟರ್ ದಪ್ಪದ ಗೋಡೆಯುಳ್ಳ ಒಂದು ಪೆಟ್ಟಿಗೆಯನ್ನು ಊಹಿಸಿಕೊಳ್ಳಿ. ಒಬ್ಬರು ತಮ್ಮ ಕವಲಿನಲ್ಲಿ ತೂಕ ಇಳಿಸಲೆಂದು ಗೋಡೆಯನ್ನು ಎರಡು ಮಿಲಿಮೀಟರಿಗೆ ತೆಳುವಾಗಿಸುತ್ತಾರೆ. ಇನ್ನೊಬ್ಬರು ತಮ್ಮ ಕವಲಿನಲ್ಲಿ ಅದೇ ಗೋಡೆಯೊಳಗೆ ಸ್ಕ್ರೂ ಕೂರಲು ಎರಡೂವರೆ ಮಿಲಿಮೀಟರ್ ಆಳದ ಕುಳಿ ಕೊರೆಯುತ್ತಾರೆ. ಪ್ರತ್ಯೇಕವಾಗಿ ನೋಡಿದರೆ ಎರಡೂ ಸರಿ. ಕೂಡಿಸಿದರೆ ಗೋಡೆ ತೂತಾಗುತ್ತದೆ! ಇಬ್ಬರೂ ಒಂದೇ ಅಳತೆಯನ್ನು ತಿದ್ದಿದ್ದರೆ ತಂತ್ರಾಂಶ ಅದನ್ನು ಘರ್ಷಣೆಯೆಂದು ಗುರುತಿಸಿ ‘ಯಾವುದನ್ನು ಉಳಿಸಲಿ?’ ಎಂದು ಕೇಳೀತು. ಬೇರೆ ಬೇರೆ ಅಳತೆಗಳಾದ್ದರಿಂದ ಅದು ಎರಡನ್ನೂ ಸದ್ದಿಲ್ಲದೆ ಒಪ್ಪಿಕೊಂಡೀತು. ಅಳತೆಗಳು ಹೊಂದಿದವೆ ಎಂಬುದನ್ನು ಯಂತ್ರ ನೋಡುತ್ತದೆ; ಆಶಯಗಳು ಹೊಂದಿದವೆ ಎಂಬುದನ್ನು ನೋಡಲು ಇಬ್ಬರು ಎದುರುಬದುರು ಕುಳಿತು ಮಾತಾಡಬೇಕು. ಕವಲುಗಳು ಹೆಚ್ಚು ಕಾಲ ದೂರ ಉಳಿದಷ್ಟೂ ಈ ಮಾತು ಕಷ್ಟವಾಗುತ್ತದೆ. ವರ್ಷಗಟ್ಟಲೆ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರನ್ನು ಮತ್ತೆ ಒಂದೇ ಮನೆಯಲ್ಲಿ ಕೂರಿಸಿದಂತೆ ಅದು.

ಕೈಬಿಟ್ಟ ಪ್ರಯೋಗಗಳ ಗತಿಯೇನು? ಪ್ರಯೋಜನವಿಲ್ಲವೆಂದು ಅಳಿಸಿಹಾಕುವುದು ಸುಲಭ. ಹಳಗನ್ನಡ ಕಾವ್ಯಗಳ ಸಂಪಾದಕರು ಹಾಗೆ ಮಾಡಲಿಲ್ಲ. ಹಲವು ಓಲೆಗರಿ ಪ್ರತಿಗಳನ್ನು ಹೋಲಿಸಿ ಒಂದು ಪಾಠವನ್ನು ಸ್ವೀಕರಿಸಿದಾಗ, ಬಿಟ್ಟ ಪಾಠಾಂತರಗಳನ್ನು ಪುಟದ ಅಡಿಯಲ್ಲಿ ಕೊಟ್ಟರು. ಮುಂದಿನ ವಿದ್ವಾಂಸರು ತಮ್ಮ ಆಯ್ಕೆಯನ್ನು ಪರೀಕ್ಷಿಸಲೆಂಬ ವಿನಯ ಅದರಲ್ಲಿತ್ತು. ವಿನ್ಯಾಸಕ್ಕೂ ಇದೇ ಮಾತು ಅನ್ವಯಿಸುತ್ತದೆ. ‘ಪ್ಲಾಸ್ಟಿಕ್ ಮಾದರಿ ಬಿಸಿಗೆ ಬಾಗಿತು, ಕೈಬಿಟ್ಟೆವು’ ಎಂಬ ಒಂದು ಸಾಲು ಆ ಕವಲಿನ ಮೇಲಿದ್ದರೆ, ಎರಡು ವರ್ಷದ ನಂತರ ಬಂದ ಹೊಸಬರು ಅದೇ ಪ್ಲಾಸ್ಟಿಕ್ಕನ್ನು ಮತ್ತೆ ಬಾಗಿಸಿ ನೋಡುವ ಖರ್ಚು ತಪ್ಪುತ್ತದೆ.

ಇಷ್ಟೆಲ್ಲ ಜತನ ಮಾಡಿದರೂ ಒಂದು ಪ್ರಶ್ನೆ ಉಳಿಯುತ್ತದೆ: ಈ ನೆನಪಿನ ಭಂಡಾರದ ಬೀಗದ ಕೈ ಯಾರ ಬಳಿ ಇದೆ? ಕ್ಲೌಡ್‌ನಲ್ಲಿ ನಾವು ಮನೆಯ ಯಜಮಾನರಲ್ಲ, ಬಾಡಿಗೆದಾರರು. ಫಿಗ್ಮಾದ ಉಚಿತ ಯೋಜನೆಯಲ್ಲಿ ಸಿಗುವುದು 30 ದಿನಗಳ ಇತಿಹಾಸ. ಕವಲೊಡೆಯುವ ಸೌಲಭ್ಯ ದೊಡ್ಡ ಸಂಸ್ಥೆಗಳ ದುಬಾರಿ ಯೋಜನೆಗಳಿಗೆ ಮೀಸಲು. ಆನ್‌ಶೇಪ್‌ನ ಉಚಿತ ಯೋಜನೆಯಲ್ಲಿ ಮಾಡಿದ ವಿನ್ಯಾಸವನ್ನು ಲೋಕವೆಲ್ಲ ನೋಡಬಹುದು. 2020ರ ಸೆಪ್ಟೆಂಬರಿನಲ್ಲಿ ಆಟೋಡೆಸ್ಕ್ ತನ್ನ ಫ್ಯೂಷನ್‌ನ ಉಚಿತ ವೈಯಕ್ತಿಕ ಬಳಕೆದಾರರಿಗೆ ಏಕಕಾಲಕ್ಕೆ ತಿದ್ದಬಹುದಾದ ವಿನ್ಯಾಸಗಳು ಹತ್ತು ಮಾತ್ರ ಎಂಬ ಮಿತಿ ಸಾರಿತು. ‘ಸ್ಟೆಪ್’ ಎಂಬ ಸರ್ವಮಾನ್ಯ ರೂಪದಲ್ಲಿ ವಿನ್ಯಾಸವನ್ನು ಹೊರತೆಗೆಯುವ ಅವಕಾಶವನ್ನೂ ಕಿತ್ತುಕೊಳ್ಳಲು ಹೊರಟು, ಬಳಕೆದಾರರು ಪ್ರತಿಭಟಿಸಿದ ಮೇಲೆ ಅದನ್ನು ಕೈಬಿಟ್ಟಿತು. 2018ರಲ್ಲಿ 190 ಕೋಟಿ ಡಾಲರ್ ಬೆಲೆ ಕಟ್ಟಿಸಿಕೊಂಡಿದ್ದ ಇನ್‌ವಿಷನ್ ಕಂಪನಿ 2024ರ ಡಿಸೆಂಬರ್ 31ಕ್ಕೆ ತನ್ನ ವಿನ್ಯಾಸ ಸೇವೆಗಳ ಬಾಗಿಲನ್ನೇ ಮುಚ್ಚಿತು. ಬಳಕೆದಾರರು ಗಡುವಿನೊಳಗೆ ತಮ್ಮ ಗಂಟುಮೂಟೆ ಕಟ್ಟಿಕೊಳ್ಳಬೇಕಾಯಿತು.

ಗಂಟಿನಲ್ಲಿ ಎಲ್ಲವೂ ಬರುವುದೂ ಇಲ್ಲ. ಯಂತ್ರಭಾಗವನ್ನು ಸ್ಟೆಪ್ ರೂಪದಲ್ಲಿ ಹೊರತೆಗೆದರೆ ಅದರ ಆಕಾರ ಸಿಗುತ್ತದೆ. ಅದು ಆ ಆಕಾರಕ್ಕೆ ಬಂದ ಹಂತಗಳು, ಅಳತೆಗಳ ನಡುವಣ ಸಂಬಂಧ, ಕವಲುಗಳು, ಟಿಪ್ಪಣಿಗಳು ಹಿಂದೆಯೇ ಉಳಿಯುತ್ತವೆ. ದೇಹ ಕೈಗೆ ಬರುತ್ತದೆ, ಜಾತಕ ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ಮುಖ್ಯ ಆವೃತ್ತಿಗಳನ್ನು ಆಗಾಗ ಹೊರತೆಗೆದು ಸ್ವಂತ ಡಿಸ್ಕಿನಲ್ಲಿ ಇಡುವುದೂ, ತೀರ್ಮಾನಗಳ ಕಾರಣಗಳನ್ನು ಸರಳ ಬರಹವಾಗಿ ಜೊತೆಗೆ ಬರೆದಿಡುವುದೂ ಅನಿವಾರ್ಯ.

ದಿನಕ್ಕೆ ಹತ್ತು ತಿದ್ದುಪಡಿ ಕೇಳುವ ಗ್ರಾಹಕರ ನಡುವೆ ಇದಕ್ಕೆಲ್ಲ ಸಮಯವೆಲ್ಲಿ ಎಂದು ಸಣ್ಣ ಸ್ಟುಡಿಯೋಗಳವರೂ, ಪೀಣ್ಯದಂಥ ಕೈಗಾರಿಕಾ ಪ್ರದೇಶಗಳ ಸಣ್ಣ ಕಾರ್ಖಾನೆಯವರೂ ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಪ್ರತಿಯೊಂದು ಗೆರೆಗೂ ಟಿಪ್ಪಣಿ ಬರೆಯಬೇಕೆಂದು ಯಾರೂ ಹೇಳುತ್ತಿಲ್ಲ. ಗ್ರಾಹಕರಿಗೆ ತೋರಿಸುವ ಮುನ್ನ, ಕಾರ್ಖಾನೆಗೆ ಕಳುಹಿಸುವ ಮುನ್ನ, ದೊಡ್ಡ ಪ್ರಯೋಗಕ್ಕೆ ಕೈಹಾಕುವ ಮುನ್ನ ಒಂದೊಂದು ಆವೃತ್ತಿ ಸಾಕು. ಪ್ರತಿಯೊಂದಕ್ಕೂ ಒಂದು ವಾಕ್ಯದ ಕಾರಣ ಸಾಕು. ಆ ವಾಕ್ಯ ಇಂಗ್ಲಿಷಿನಲ್ಲೇ ಇರಬೇಕೆಂಬ ನಿಯಮವೂ ಇಲ್ಲ. ‘ಕುಳಿ ಚಿಕ್ಕದಾಗಿ ಬೋಲ್ಟ್ ಕೂರಲಿಲ್ಲ, ಅರ್ಧ ಮಿಲಿಮೀಟರ್ ಹೆಚ್ಚಿಸಿದೆ’ ಎಂದು ಕನ್ನಡದಲ್ಲಿ ಬರೆದರೆ ಲೇತ್ ಮುಂದೆ ನಿಂತವರಿಗೂ ಅರ್ಥವಾಗುತ್ತದೆ.

ನಮ್ಮ ಎಂಜಿನಿಯರಿಂಗ್ ಮತ್ತು ವಿನ್ಯಾಸ ಕಾಲೇಜುಗಳು ಈ ಅಭ್ಯಾಸವನ್ನು ಬಿತ್ತಬೇಕಾದ ಮೊದಲ ನೆಲ. ವಿದ್ಯಾರ್ಥಿಯ ಅಂತಿಮ ನಕ್ಷೆಗೆ ಅಂಕ ಕೊಡುವ ಜೊತೆಗೆ ಅದಕ್ಕೆ ಬಂದ ದಾರಿಗೂ, ಬಿಟ್ಟ ಕವಲುಗಳ ಕಾರಣಕ್ಕೂ ಅಂಕ ಕೊಡುವುದು ಕಷ್ಟದ ಸುಧಾರಣೆಯೇನಲ್ಲ. ಎರಡನೆಯ ಹೊಣೆ ಸರ್ಕಾರದ್ದು. ಸಾರ್ವಜನಿಕ ಹಣದಲ್ಲಿ ಸೇತುವೆ, ನಿಲ್ದಾಣ, ಆಸ್ಪತ್ರೆಗಳ ವಿನ್ಯಾಸ ಮಾಡಿಸುವ ಇಲಾಖೆಗಳು ಅಂತಿಮ ನಕ್ಷೆಯ ಪ್ರತಿ ಪಡೆದು ತೃಪ್ತರಾಗಬಾರದು. ಯಾವ ಹಂತದಲ್ಲಿ ಏನು ಬದಲಾಯಿತು, ಯಾರ ಒಪ್ಪಿಗೆಯಿಂದ, ಯಾವ ಕಾರಣಕ್ಕೆ ಎಂಬ ದಾಖಲೆಯನ್ನು ಎಲ್ಲರೂ ತೆರೆದು ಓದಬಲ್ಲ ರೂಪದಲ್ಲಿ ಒಪ್ಪಿಸಬೇಕೆಂಬ ಷರತ್ತು ಗುತ್ತಿಗೆಯಲ್ಲಿಯೇ ಇರಬೇಕು. ವಿನ್ಯಾಸ ಮಾಡಿದ ಸಂಸ್ಥೆ ಮುಚ್ಚಬಹುದು, ತಂತ್ರಾಂಶದ ಚಂದಾ ಮುಗಿಯಬಹುದು. ಸೇತುವೆ ನೂರು ವರ್ಷ ನಿಲ್ಲಬೇಕು. ಅದರ ಕಂಬವೊಂದರಲ್ಲಿ ಬಿರುಕು ಕಂಡ ದಿನ ಮುಂದಿನ ತಲೆಮಾರಿನ ಎಂಜಿನಿಯರ್ ಮೊದಲು ಹುಡುಕುವುದು ಈ ಕಾರಣವನ್ನೇ. ಅದನ್ನು ಬರೆದಿಡಬೇಕಾದವರು ಇಂದು ಕೆಲಸ ಮಾಡುತ್ತಿರುವವರು.